6 ಲಕ್ಷದ ಮದುವೆಗೆ ಒದಗಿಬಂದ ಹಳೆಯ ಛತ್ರ

ಕಳೆದ ವೈಶಾಖದಲ್ಲಿ ನನ್ನ ತಂಗಿಯ ಮದುವೆಯನ್ನು ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ, ಟ್ರಸ್ಟ್‌ನವರು ನಡೆಸುವ ಛತ್ರದಲ್ಲಿ ಮಾಡಿದೆವು. ಕೈಯಲ್ಲಿದ್ದದ್ದು ಒಡವೆ ಬಿಟ್ಟು 6 ಲಕ್ಷ ರೂಪಾಯಿ, ಕರೆಯಲೇಬೇಕಾದವರು 300 ಜನ. ಮೊದಲು ಊರಾಚೆಯ ಎರಡು ಹವಾನಿಯಂತ್ರಿತ ಕಲ್ಯಾಣಮಂಟಪಗಳನ್ನು ನೋಡಿ ಬಂದೆವು. ಅಲ್ಲಿ ನಾವು ಹಿಂದೆ ಸರಿದದ್ದು ಬಾಡಿಗೆಗೆ ಹೆದರಿಯಲ್ಲ. ಅಡುಗೆಯವರೂ ಅಲಂಕಾರದವರೂ ಮಂಟಪದವರು ಹೇಳಿದವರೇ ಆಗಬೇಕು ಎಂಬ ಷರತ್ತಿಗೆ. ಆ ಷರತ್ತಿಗೆ ಒಪ್ಪಿದರೆ ಎಲ್ಲಿ ಕೈ ಬಿಗಿ ಹಿಡಿಯಬೇಕು, ಎಲ್ಲಿ ಸಡಿಲಿಸಬೇಕು ಎಂಬ ತೀರ್ಮಾನ ನಮ್ಮ ಕೈತಪ್ಪುತ್ತದೆ. ಛತ್ರದಲ್ಲಿ ಅಂಥ ಕಟ್ಟುಪಾಡು ಇರಲಿಲ್ಲ.

ಕಟ್ಟಡ ಹಳೆಯದು: ಕಲ್ಲಿನ ಕಂಬ, ಹೆಂಚಿನ ಮಾಡು, ನಡುವೆ ತೊಟ್ಟಿ. ಬೆಳಗಿನ ಮುಹೂರ್ತದ ಹೊತ್ತಿಗೆ ತೊಟ್ಟಿಯಿಂದ ಇಳಿಯುವ ಬಿಸಿಲು ಹಸೆಮಣೆಯ ಎದುರಿನ ನೆಲದ ಮೇಲೆ ಬಿದ್ದು, ಅಂತರಪಟ ಸರಿದಾಗ ತಂಗಿಯ ಮುಖಕ್ಕೆ ಬೇರೆ ದೀಪವೇ ಬೇಕಾಗಲಿಲ್ಲ. ತಂದಿದ್ದ ಎರಡು ದೊಡ್ಡ ದೀಪಗಳನ್ನು ಫೋಟೋದವರು ಹೊರಗೆ ತೆಗೆಯಲೂ ಇಲ್ಲ. ಇಂಥ ಜಾಗಕ್ಕೆ ಥರ್ಮೋಕೋಲಿನ ಹಿನ್ನೆಲೆ ಹಾಕಿಸುವುದು ದಂಡ. ದೇವರಾಜ ಮಾರುಕಟ್ಟೆಯಿಂದ ಬಾಳೆಕಂದು, ಮಾವಿನ ಸೊಪ್ಪು, ಚೆಂಡುಹೂ ಮತ್ತು ಮಾರಿನ ಲೆಕ್ಕದಲ್ಲಿ ಮಲ್ಲಿಗೆಯನ್ನು ನಾವೇ ತಂದು, ಚಿಕ್ಕಪ್ಪನ ಮಕ್ಕಳು ಹಿಂದಿನ ಸಂಜೆ ಕಂಬಗಳಿಗೆ ಸುತ್ತಿದರು. ಬೇಸಿಗೆ ಮಲ್ಲಿಗೆಯ ಕಾಲವಾದ್ದರಿಂದ ಬೆಲೆಯೂ ಕೈಗೆಟುಕುವಂತಿತ್ತು. ಇದೇ ಹೂವನ್ನು ವರಮಹಾಲಕ್ಷ್ಮಿ ಹಬ್ಬದ ಆಸುಪಾಸಿನಲ್ಲಿ ಕೇಳಿದ್ದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತಿತ್ತು.

ಹಣ ಉಳಿದದ್ದು ಹೂವಿಗಿಂತ ಊಟದಲ್ಲಿ. ಹಿಂದಿನ ರಾತ್ರಿ ಆರತಕ್ಷತೆ, ಮರುದಿನ ಮುಹೂರ್ತ ಎಂಬ ವಾಡಿಕೆಯನ್ನು ಬಿಟ್ಟು, ಧಾರೆಯಾದ ಮೇಲೆ 11 ಗಂಟೆಗೆ ಅದೇ ಮಂಟಪದಲ್ಲಿ ಆರತಕ್ಷತೆಯನ್ನೂ ಮುಗಿಸಿದೆವು. ಬೀಗರು ಮೊದಲು ಸ್ವಲ್ಪ ಮುಖ ಸಣ್ಣದು ಮಾಡಿಕೊಂಡರೂ, ಹಿಂದಿನ ದಿನದ ವರಪೂಜೆಗೆ ಮನೆಯವರಷ್ಟೇ 60 ಜನ ಸೇರಿ ಊಟ ಮಾಡಿದ್ದನ್ನು ನೋಡಿ ಅವರೇ ಸಮಾಧಾನಗೊಂಡರು. ಹೀಗೆ ದೊಡ್ಡ ಊಟವೊಂದು ಪೂರ್ತಿ ತಪ್ಪಿತು. ಅಡುಗೆಯನ್ನು ಎಲೆ ಲೆಕ್ಕಕ್ಕೆ ಕೊಡದೆ, ದಿನಸಿ ನಾವು ತಂದು, ಅಡುಗೆಯವರಿಗೆ ಮತ್ತು ಬಡಿಸುವವರಿಗೆ ಕೂಲಿ ಮಾತ್ರ ಕೊಡುವುದಾಗಿ ಮಾತಾಡಿದೆವು. ಇದರಲ್ಲಿ ಉಳಿತಾಯವಿದೆ, ತಲೆನೋವೂ ಇದೆ. ಉಗ್ರಾಣದ ಬೀಗದ ಕೈ ಹಿಡಿದು, ತುಪ್ಪವೆಷ್ಟು ಹೋಯಿತು, ಗೋಡಂಬಿ ಎಷ್ಟು ಉಳಿಯಿತು ಎಂದು ನೋಡಿಕೊಳ್ಳಲು ನಂಬಿಕೆಯ ಒಬ್ಬರು ಬೇಕೇ ಬೇಕು. ನಮ್ಮ ಸೋದರತ್ತೆ ಆ ಕೆಲಸವನ್ನು ಎರಡು ದಿನ ಕದಲದೆ ಮಾಡಿದರು, ಪಾಪ, ಧಾರೆಯನ್ನೂ ಸರಿಯಾಗಿ ನೋಡಲಿಲ್ಲ.

ಪದಾರ್ಥಗಳ ಸಂಖ್ಯೆಯನ್ನು ಕಡಿಮೆ ಮಾಡಿ ರುಚಿಗೆ ಗಮನ ಕೊಟ್ಟೆವು. ಎರಡು ಕೋಸಂಬರಿ, ಒಂದು ಪಲ್ಯ, ಚಿತ್ರಾನ್ನ, ಆಂಬೊಡೆ, ತೊವ್ವೆ, ಹುಳಿ, ಸಾರು, ಕೊನೆಗೆ ಮಜ್ಜಿಗೆ. ಸಿಹಿಗೆ ಚಿರೋಟಿ ಒಂದೇ. ಆದರೆ ಆ ಚಿರೋಟಿಯ ಪದರಗಳು ಬೆರಳು ತಾಗಿದರೆ ಬಿಡಿಸಿಕೊಳ್ಳುವಂತಿದ್ದವು. ಅದರ ಮೇಲೆ ಸಕ್ಕರೆ ಪುಡಿ ಉದುರಿಸಿ, ಬಿಸಿಬಿಸಿ ಬಾದಾಮಿ ಹಾಲನ್ನು ಎಲೆಯ ಮುಂದೆಯೇ ಹುಯ್ಯುತ್ತಿದ್ದರು. ನಾಲ್ಕು ಸಿಹಿ ಮಾಡಿಸಿದ ಮದುವೆಗಳಲ್ಲಿ ಎಲೆಯ ಮೇಲೆ ಬಿಟ್ಟು ಏಳುವುದನ್ನೇ ಹೆಚ್ಚಾಗಿ ಕಂಡಿದ್ದ ನನಗೆ, ಇಲ್ಲಿ ಬಡಿಸುವವರನ್ನು ಮತ್ತೆ ಕರೆಯುತ್ತಿದ್ದದ್ದನ್ನು ನೋಡಿ ಹಿತವೆನಿಸಿತು. ಸೀರೆಯಲ್ಲೂ ಹೀಗೆಯೇ: ಧಾರೆಗೆ ಹೊಸದು, ಆರತಕ್ಷತೆಗೆ ಅಮ್ಮನ ಹಳೆಯ ಮೈಸೂರು ರೇಷ್ಮೆ. ಲಗ್ನಪತ್ರಿಕೆ ಹಿರಿಯರಿಗೆಂದು 100 ಮಾತ್ರ ಅಚ್ಚು ಹಾಕಿಸಿ, ಉಳಿದವರನ್ನು ಫೋನಿನಲ್ಲಿ ಕರೆದೆವು.

ಛತ್ರದ ಕೊರತೆಗಳನ್ನೂ ಹೇಳಬೇಕು. ಊಟದ ಮನೆ ಮಹಡಿಯ ಮೇಲಿದ್ದು, ಲಿಫ್ಟ್ ಇಲ್ಲ. ಮಂಡಿನೋವಿನ ಅಜ್ಜಿಯಂದಿರಿಗೆ ಕೆಳಗಿನ ಕೋಣೆಯಲ್ಲೇ ಎಲೆ ಹಾಕಬೇಕಾಯಿತು. ಒಂದು ಪಂಕ್ತಿಗೆ 80 ಜನ ಮಾತ್ರ ಕೂರಬಹುದಾದ್ದರಿಂದ ಕೊನೆಯ ಪಂಕ್ತಿ ಏಳುವಾಗ 3 ಗಂಟೆಯಾಗಿತ್ತು. ಕೈತೊಳೆಯುವ ಕಡೆ ನೆಲ ಜಾರುತ್ತದೆ. ಎಲ್ಲಕ್ಕಿಂತ ಬೇಸರ ತಂದದ್ದು ಕೊನೆಯ ಬಿಲ್ಲು: ಬಾಡಿಗೆಯಲ್ಲಿ ಎಲ್ಲವೂ ಸೇರಿದೆ ಎಂದು ಬಾಯಿಮಾತಿನಲ್ಲಿ ಹೇಳಿದ್ದವರು, ವಿದ್ಯುತ್ತು, ಜನರೇಟರಿನ ಡೀಸೆಲ್, ಸ್ವಚ್ಛತೆ ಎಂದು 18,000 ರೂಪಾಯಿಯನ್ನು ಮುಂಗಡ ಠೇವಣಿಯಲ್ಲಿ ಹಿಡಿದುಕೊಂಡರು. ಮೀಟರಿನ ಮೊದಲ ಅಂಕಿಯನ್ನು ನಾವು ಬರೆದಿಟ್ಟುಕೊಂಡಿರಲಿಲ್ಲವಾದ್ದರಿಂದ ವಾದಿಸಲು ಆಧಾರವೂ ಇರಲಿಲ್ಲ. ಉಳಿದ ಠೇವಣಿ ಕೈಸೇರಲು ಮೂರು ವಾರ ಹಿಡಿಯಿತು.

300 ಜನರೊಳಗಿನ ಮದುವೆಯಾದರೆ, ಮನೆಯಲ್ಲಿ ಓಡಾಡುವ ಹತ್ತು ಕೈಗಳಿದ್ದರೆ, ಈ ಬಗೆಯ ಛತ್ರವನ್ನು ನಾನು ಈಗಲೂ ಆರಿಸಿಕೊಳ್ಳುತ್ತೇನೆ. ಬೀಗದ ಕೈ ತೆಗೆದುಕೊಳ್ಳುವ ದಿನ ಮೀಟರಿನ ಫೋಟೋ ತೆಗೆದು, ಬಾಡಿಗೆಯಲ್ಲಿ ಏನೇನು ಸೇರಿದೆ ಎಂಬುದನ್ನು ರಸೀದಿಯ ಹಿಂಬದಿಯಲ್ಲೇ ಬರೆಸಿ, ಮ್ಯಾನೇಜರರ ಸಹಿ ಹಾಕಿಸಿಕೊಳ್ಳಿ.