ಫ್ರೆಡರಿಕ್ಸ್‌ಬರ್ಗ್‌ಗೆ ಹೋದಾಗ ಸುಮ್ನೆ ಸೈನ್ ಹಾಕಬೇಡಿ

ಅಮೆರಿಕದ ಟೆಕ್ಸಾಸ್‌ನಲ್ಲಿ ಆಸ್ಟಿನ್, ಸ್ಯಾನ್ ಆಂಟೋನಿಯೊ ಕಡೆ ಇರುವ ಕನ್ನಡದವರು ಒಂದು ದಿನದ ಸುತ್ತಾಟಕ್ಕೆ ಫ್ರೆಡರಿಕ್ಸ್‌ಬರ್ಗ್‌ಗೆ ಹೋಗುವುದು ಮಾಮೂಲು. ಮದುವೆಯ ದಿನದ ನೆಪದಲ್ಲಿ ನಾವಿಬ್ಬರೂ ಮೇ ಕೊನೆಯ ಶನಿವಾರ ಹೋಗಿದ್ದೆವು. ಊರಿನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಒಂದು ವೈನರಿಯ (ವೈನ್ ಮಾಡಿ ಮಾರುವ ಜಾಗ) ಮೇಲೆ, ಸ್ವಲ್ಪ ನಮ್ಮ ಯಜಮಾನರ ಮೇಲೆ.

ಬೆಳಗ್ಗೆಯೇ ಎಡವಿದೆವು. ಊರಿನ ಉತ್ತರಕ್ಕೆ ಎನ್‌ಚಾಂಟೆಡ್ ರಾಕ್ ಅಂತ ಗುಲಾಬಿ ಗ್ರಾನೈಟ್‌ನ ದೊಡ್ಡ ಬಂಡೆ ಇದೆ. ಹತ್ತೋಣ ಅಂತ ಹೋದರೆ, ಪಾರ್ಕ್ ತುಂಬಿದೆ ಅಂತ ಗೇಟಿನಿಂದಲೇ ವಾಪಸ್ ಕಳಿಸಿದರು. ವಾರಾಂತ್ಯಕ್ಕೆ ಡೇ ಪಾಸ್ ಮೊದಲೇ ಆನ್‌ಲೈನ್‌ನಲ್ಲಿ ಮಾಡಿಸಿಕೊಳ್ಳಿ.

ಸರಿ, ಊರೊಳಗೆ ಬಂದೆವು. 1846ರಲ್ಲಿ ಜರ್ಮನಿಯಿಂದ ಬಂದವರು ಕಟ್ಟಿದ ಊರು ಇದು. ನಡುವೆ ಎಂಟು ಮೂಲೆಯ ಫೆರೈನ್ಸ್ ಕಿರ್ಶೆ ಅನ್ನುವ ಚರ್ಚ್ ಇದೆ. ಕಾಫಿ ಬೀಜ ಪುಡಿ ಮಾಡುವ ಹಳೇ ಗಿರಣಿ ಥರ ಕಾಣುತ್ತದೆ ಅಂತ ಅದಕ್ಕೆ 'ಕಾಫಿ ಮಿಲ್ ಚರ್ಚ್' ಅನ್ನುವ ಅಡ್ಡಹೆಸರು. ಈಗಿರುವುದು 1930ರ ದಶಕದಲ್ಲಿ ಮತ್ತೆ ಕಟ್ಟಿದ್ದು. ಅಲ್ಲಿಂದ ಪೂರ್ವಕ್ಕೆ ಅಡ್ಡರಸ್ತೆಗಳ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ಜೋಡಿಸಿದರೆ 'ಆಲ್ ವೆಲ್‌ಕಮ್', ಪಶ್ಚಿಮಕ್ಕೆ 'ಕಮ್ ಬ್ಯಾಕ್'! ಇಲ್ಲಿ ಊಟಕ್ಕೆ ಕೂತಾಗ ಸಸ್ಯಾಹಾರಿಗಳು ಆಲೂಗಡ್ಡೆ ಸಲಾಡ್ ಅಂತ ನಂಬಿ ತಿನ್ನಬೇಡಿ, ಜರ್ಮನ್ ಸಲಾಡ್‌ನಲ್ಲಿ ಸಾಮಾನ್ಯವಾಗಿ ಬೇಕನ್ (ಹಂದಿ ಮಾಂಸ) ಇರುತ್ತದೆ. ಕೇಳಿ ತಿನ್ನಿ.

ಬಂಡೆ ತಪ್ಪಿತಲ್ಲ, ಟೈಮ್ ಇತ್ತು. ಹೈವೇ 290ರ ಉದ್ದಕ್ಕೂ ಸಾಲಾಗಿ ವೈನರಿಗಳು. ಒಂದಕ್ಕೆ ನುಗ್ಗಿದೆವು. ನಾನು ಕುಡಿಯಲ್ಲ, ವಾಪಸ್ ಕಾರು ಓಡಿಸುವವಳೂ ನಾನೇ. ಆದರೂ ರುಚಿ ನೋಡಲು ತಲೆಗೆ 30 ಡಾಲರ್ ಅಂದರು. "ನಮ್ಮ ಕ್ಲಬ್ ಸೇರಿದರೆ ಇಬ್ಬರಿಗೂ ಫ್ರೀ, ಯಾವಾಗ ಬೇಕಾದರೂ ಬಿಡಬಹುದು," ಅಂತ ಕೌಂಟರಿನ ಹುಡುಗಿ ನಗುತ್ತಾ ಟ್ಯಾಬ್ಲೆಟ್ ಈ ಕಡೆ ತಿರುಗಿಸಿದಳು. ಪರದೆಯಲ್ಲಿ ಸಹಿಯ ಜಾಗ ಮಾತ್ರ ಕಾಣುತ್ತಿತ್ತು. ಷರತ್ತು ಓದಬೇಕಾದರೆ ಬೆರಳಲ್ಲಿ ಮೇಲಕ್ಕೆ ತಳ್ಳಬೇಕಿತ್ತು.

"ರೀ, ಏನು ಬರೆದಿದೆ ನೋಡಿದ್ರಾ?"

"ಇಮೇಲ್ ಐಡಿ ಕೇಳ್ತಾರೆ ಅಷ್ಟೇ ಕಣೇ," ಅಂತ ಬೆರಳಲ್ಲಿ ಒಂದು ಗೀಟು ಎಳೆದೇಬಿಟ್ಟರು. ಕಾರ್ಡೂ ಕೊಟ್ಟರು.

ಆಗಸ್ಟ್‌ನಲ್ಲಿ ಕಾರ್ಡಿಂದ 148 ಡಾಲರ್ ಹೋಯಿತು. ನಾಲ್ಕು ಬಾಟಲಿ ಕಳಿಸಿದ್ದರಂತೆ! ಕ್ಲಬ್ ಅಂದರೆ ಆಗಾಗ ಅವರೇ ವೈನ್ ಪೆಟ್ಟಿಗೆ ಕಳಿಸಿ ಕಾರ್ಡಿಂದ ದುಡ್ಡು ತಗೊಳ್ಳುವುದು ಅಂತ ಆಗ ಗೊತ್ತಾಯಿತು. ಇಲ್ಲಿ ವೈನ್ ಪಾರ್ಸೆಲ್ ಬಂದರೆ 21 ವರ್ಷ ತುಂಬಿದವರು ಮನೆಯಲ್ಲಿದ್ದು ಸಹಿ ಹಾಕಲೇಬೇಕು. ಇಬ್ಬರೂ ಆಫೀಸಿನಲ್ಲಿ. ಮೂರು ಸಲ ಬಾಗಿಲಿಗೆ ಚೀಟಿ ಅಂಟಿಸಿ ಹೋದರು, ಪೆಟ್ಟಿಗೆ ವಾಪಸ್ ಹೋಯಿತು. ಮತ್ತೆ ಕಳಿಸಲು 24 ಡಾಲರ್. ಬೇಡ ಅಂತ ಫೋನ್ ಮಾಡಿದರೆ, ಕನಿಷ್ಠ ಎರಡು ಪೆಟ್ಟಿಗೆ ತಗೊಳ್ಳಲೇಬೇಕು, ಒಪ್ಪಂದದಲ್ಲಿದೆ ಅಂದರು. ಹುಡುಕಿದರೆ ಆ ಒಪ್ಪಂದದ ಇಮೇಲ್ ಜಾಹೀರಾತುಗಳ ರಾಶಿಯಲ್ಲಿ ಬಿದ್ದಿತ್ತು. ಕಾರ್ಡಿನವರಿಗೆ ದೂರು ಕೊಟ್ಟೆವು, ನಿಮ್ಮ ಸಹಿ ಇದೆಯಲ್ಲ ಅಂದರು. 60 ಡಾಲರ್ ಉಳಿಸಲು ಹೋಗಿ, 148ರ ಎರಡು ಪೆಟ್ಟಿಗೆ, ಮೇಲೆ ಆ 24 ಸೇರಿ 320 ಕೊಟ್ಟೆವು.

ಫ್ರೀ ಅಂದರೆ ಎಷ್ಟು ಪೆಟ್ಟಿಗೆ, ಯಾವ ತಿಂಗಳು, ಬಿಡುವುದು ಹೇಗೆ ಅಂತ ಕೇಳಿ, ಪರದೆಯ ಫೋಟೋ ತೆಗೆದುಕೊಳ್ಳಿ. ಇಲ್ಲವೇ ದುಡ್ಡು ಕೊಟ್ಟು ಎದ್ದು ಬನ್ನಿ. ಬಿಡುವಾಗ ಇಮೇಲ್‌ನಲ್ಲೇ ಬರೆಯಿರಿ. ಫೋನಲ್ಲಿ ಹೇಳಿದ್ದು ತಮಗೆ ಗೊತ್ತೇ ಇಲ್ಲ ಅಂತ ವೈನರಿಯವರು ನಮಗೆ ಹೇಳಿದರು.

ಅವತ್ತು ಸ್ಟೋನ್‌ವಾಲ್ ಹತ್ತಿರ ರಸ್ತೆ ಬದಿಯಲ್ಲಿ ಕೊಂಡ ಪೀಚ್ ಹಣ್ಣು ಎರಡೇ ದಿನಕ್ಕೆ ಖಾಲಿ. ಬಾಟಲಿಗಳು ಅಕ್ಕಿ ಡಬ್ಬದ ಹಿಂದೆ ಹಾಗೇ ಕೂತಿವೆ.