ಹಕ್ ಫಿನ್ನಾ, ಸೈಲಸ್ ಲ್ಯಾಫಮ್ಮಾ? ಯಾವ್ದು ಮೊದ್ಲು ಓದೋದು

ಅಮೆರಿಕದ ವಾಸ್ತವವಾದ, ಅಂದ್ರೆ ಬದುಕನ್ನ ಇದ್ದ ಹಾಗೇ ತೋರಿಸೋ ಸಾಹಿತ್ಯ, ಎಂಥಾ ಸಮಾಜದಿಂದ ಹುಟ್ತು ಅಂತ ಕಾದಂಬರಿ ಓದೇ ತಿಳ್ಕೋಬೇಕು ಅನ್ನೋರಿಗೆ ನಾನು ಹೇಳೋದು ಹಕ್ ಫಿನ್, ಸೈಲಸ್ ಲ್ಯಾಫಮ್ ಅನ್ನೋ ಈ ಎರಡು ಕಾದಂಬರಿನ. ಎರಡೂ ಅಲ್ಲಿ ಪುಸ್ತಕವಾಗಿ ಬಂದಿದ್ದು 1885ರಲ್ಲೇ, ಎರಡರ ಭಾಗಗಳೂ ಸೆಂಚುರಿ ಅನ್ನೋ ಒಂದೇ ಮ್ಯಾಗಜೀನಲ್ಲಿ ಅಚ್ಚಾಗಿದ್ವು.

ವಿಲಿಯಂ ಡೀನ್ ಹೊವೆಲ್ಸ್ ಬರೆದ ಲ್ಯಾಫಮ್ ಕಥೆ ಬಾಸ್ಟನ್‌ದು. 1861-65ರ ಅಂತರ್ಯುದ್ಧ ಮುಗಿದ್ಮೇಲೆ ರೈಲು, ಕಾರ್ಖಾನೆ ಬೆಳೆದು ಹೊಸ ದುಡ್ಡು ಬಂತಲ್ಲ, ಅದು ಮನೆಯೊಳಗೆ ಏನು ಮಾಡ್ತು ಅಂತ ಇಲ್ಲಿ ಕಾಣುತ್ತೆ. ಪೇಂಟ್ ಮಾರಿ ಸಾಹುಕಾರ ಆದ ಲ್ಯಾಫಮ್ ಹಳೇ ಮನೆತನದವ್ರ ಮನೆಗೆ ಊಟಕ್ಕೆ ಹೋಗೋವಾಗ ಗ್ಲೌಸ್ ಹಾಕ್ಬೇಕಾ ಬೇಡ್ವಾ ಅಂತ ಒದ್ದಾಡಿ, ಕೊನೆಗೆ ಹಾಕ್ಕೊಂಡೇ ಹೋಗ್ತಾನೆ, ಆ ದಪ್ಪ ಕೈಗಳು ಅದರೊಳಗೆ ಎಷ್ಟು ವಿಕಾರವಾಗಿ ಕಾಣ್ತವೆ ಅಂದ್ರೆ ಓದೋಕೇ ಸಂಕಟ ಆಗುತ್ತೆ. ವರ್ಗಭೇದ ಅರ್ಥ ಆಗೋಕೆ ಅಷ್ಟು ಸಾಕು.

ಮಾರ್ಕ್ ಟ್ವೈನ್‌ನ ಹಕ್ ಫಿನ್ ನಡೆಯೋದು ಯುದ್ಧಕ್ಕೂ ಮುಂಚೆ, ಮಿಸಿಸಿಪ್ಪಿ ನದಿ ಮೇಲೆ. ಗುಲಾಮಗಿರಿಯಿಂದ ತಪ್ಪಿಸ್ಕೊಂಡ ಜಿಮ್‌ನ ಹಿಡಿದುಕೊಡೋಕೆ ತಾನೇ ಬರೆದ ಕಾಗದನ ಹುಡುಗ ಹಕ್ ಹರಿದು ಹಾಕೋ ಜಾಗ ನಂಗಂತೂ ಮರೆಯಕ್ಕಾಗಲ್ಲ. ಆದ್ರೆ ಪೂರ್ತಿ ಆಡುಮಾತು, ಶುರುನಲ್ಲಿ ತಡವರಿಸ್ತೀರ.

ಹಿನ್ನೆಲೆ ಬೇಕಾದ್ರೆ ಲ್ಯಾಫಮ್ ಮೊದ್ಲು ಓದಿ. ಒಂದೇ ಪುಸ್ತಕಕ್ಕೆ ಟೈಮ್ ಇರೋದಾದ್ರೆ ಮಾತ್ರ ಹಕ್ ಫಿನ್ನೇ ತಗೊಳ್ಳಿ.