ಡಾಮ್‌ಪ್ಯೂರಿಫೈ ಬೇಕಾ, ಸ್ಯಾನಿಟೈಸ್-ಎಚ್‌ಟಿಎಮ್‌ಎಲ್ ಬೇಕಾ?

ಬೇರೆಯವರು ಬರೆದ ಎಚ್‌ಟಿಎಮ್‌ಎಲ್ ಅನ್ನು ಹಾಗೇ ಪುಟದಲ್ಲಿ ತೋರಿಸುವುದು ಅಪಾಯ. ಅದರಲ್ಲಿರುವ ಅಪಾಯದ ಕೋಡ್ ತೆಗೆದು ಶುಚಿ ಮಾಡುವ ಎರಡು ಜಾವಾಸ್ಕ್ರಿಪ್ಟ್ ಲೈಬ್ರರಿಗಳು ಇವು. ಸ್ಕ್ರಿಪ್ಟ್ ಟ್ಯಾಗ್ ತೆಗೆದರೆ ಸಾಲದು. ಒಂದು ಇಮೇಜ್ ಟ್ಯಾಗ್‌ನ ಆನ್‌ಎರರ್ ಗುಣದಲ್ಲಿ ಕೋಡ್ ಇಟ್ಟು, ಚಿತ್ರದ ವಿಳಾಸ ಸುಮ್ನೆ ತಪ್ಪಾಗಿ ಕೊಟ್ಟರೆ ಆ ಕೋಡ್ ಓಡುತ್ತದೆ. ಹಾಗಾಗಿ ರೆಜೆಕ್ಸ್‌ನಲ್ಲಿ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ನೀವೇ ಫಿಲ್ಟರ್ ಬರೆಯಲು ಹೋಗಬೇಡಿ.

ಡಾಮ್‌ಪ್ಯೂರಿಫೈ ಬ್ರೌಸರ್‌ನ ಪಾರ್ಸರನ್ನೇ, ಅಂದರೆ ಕೋಡ್ ಓದಿ ಬಿಡಿಸುವ ಭಾಗವನ್ನೇ, ಬಳಸುತ್ತದೆ. ಇದೇ ಅದರ ದೊಡ್ಡ ಬಲ. ತೋರಿಸುವ ಬ್ರೌಸರ್ ಕೋಡನ್ನು ಹೇಗೆ ಓದುತ್ತದೋ, ಶುಚಿ ಮಾಡುವಾಗಲೂ ಹೆಚ್ಚುಕಡಿಮೆ ಹಾಗೇ ಓದುತ್ತದೆ. ಈ ಎರಡು ಓದಿನ ನಡುವಿನ ವ್ಯತ್ಯಾಸದಲ್ಲೇ ಎಷ್ಟೋ ದಾಳಿಗಳು ನುಸುಳುವುದು. ಚಿತ್ರ ಬರೆಯುವ ಎಸ್‌ವಿಜಿ, ಗಣಿತ ಬರೆಯುವ ಮ್ಯಾಥ್‌ಎಮ್‌ಎಲ್ ಕೂಡ ಡಾಮ್‌ಪ್ಯೂರಿಫೈಗೆ ಗೊತ್ತು. ಬೇಡವಾದರೆ ಎಚ್‌ಟಿಎಮ್‌ಎಲ್ ಪ್ರೊಫೈಲ್ ಒಂದನ್ನೇ ಇಟ್ಟುಕೊಳ್ಳಿ. ಹುಕ್‌ಗಳಿಂದ (ಶುಚಿ ಮಾಡುವ ನಡುವೆ ನಿಮ್ಮ ಕೋಡ್ ಸೇರಿಸುವ ಜಾಗಗಳು) ನಿಮ್ಮದೇ ನಿಯಮ ಸೇರಿಸಬಹುದು. ಆದರೆ ನೋಡ್ (ಬ್ರೌಸರ್ ಇಲ್ಲದೆ ಜಾವಾಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ) ಸರ್ವರ್‌ನಲ್ಲಿ ಓಡಿಸಲು, ಬ್ರೌಸರ್‌ನ ಡಾಮ್ ಅನ್ನು (ಪುಟದ ಮರದಂಥ ರಚನೆ) ಅನುಕರಿಸುವ ಜೆಎಸ್‌ಡಾಮ್ ಬೇಕು. ಅದು ಭಾರ, ಹಳೆಯ ಆವೃತ್ತಿಯಾದರೆ ಅಪಾಯವೂ ಹೌದು.

ಸ್ಯಾನಿಟೈಸ್-ಎಚ್‌ಟಿಎಮ್‌ಎಲ್‌ಗೆ ಡಾಮ್ ಬೇಡ, ನೋಡ್‌ನಲ್ಲಿ ಹಗುರವಾಗಿ ಓಡುತ್ತದೆ. ಯಾವ ಟ್ಯಾಗ್‌ಗೆ ಯಾವ ಗುಣ ಎಂದು ಬಿಡಿಬಿಡಿಯಾಗಿ ಹೇಳಬಹುದು, ಟ್ಯಾಗನ್ನೇ ಬದಲಿಸಲೂಬಹುದು. ಡಿಫಾಲ್ಟ್‌ನಲ್ಲಿ ಚಿತ್ರಗಳು ಮಾಯವಾಗುತ್ತವೆ, ಗಾಬರಿ ಬೇಡ. ಇಮೇಜ್ ಟ್ಯಾಗನ್ನು ಪಟ್ಟಿಗೆ ಸೇರಿಸಿದರಾಯಿತು.

ಪೈಥಾನ್‌ನವರಿಗೆ ಇದೇ ಕೆಲಸಕ್ಕೆ ಎನ್‌ಎಚ್3 ಲೈಬ್ರರಿ ಸಾಕು. ಹಳೆಯ ಲೈಬ್ರರಿ ಬ್ಲೀಚ್ ಅನ್ನು 2023ರಲ್ಲೇ ಡೆಪ್ರಿಕೇಟ್ ಮಾಡಲಾಗಿದೆ (ಇನ್ನು ಬಳಸಬೇಡಿ ಎಂದು ಘೋಷಿಸಲಾಗಿದೆ), ಹೊಸ ಕೆಲಸಕ್ಕೆ ಬೇಡ.

ನನ್ನ ಆಯ್ಕೆ ಕೇಳಿದರೆ, ಬ್ರೌಸರ್‌ನಲ್ಲಿ ತೋರಿಸುವ ಮುನ್ನ ಡಾಮ್‌ಪ್ಯೂರಿಫೈ. ಸರ್ವರ್‌ನಲ್ಲಿ ದಪ್ಪಕ್ಷರ, ಲಿಂಕ್, ಪಟ್ಟಿಗಳಷ್ಟೇ ಸಾಕು ಅಂದರೆ ಸ್ಯಾನಿಟೈಸ್-ಎಚ್‌ಟಿಎಮ್‌ಎಲ್. ಯಾವುದನ್ನೇ ಆರಿಸಿ, ಶುಚಿಯಾದ ಮೇಲೆ ಆ ಪಠ್ಯವನ್ನು ಮತ್ತೆ ತಿದ್ದಬೇಡಿ. ತಿದ್ದಲೇಬೇಕಾದರೆ ಇನ್ನೊಮ್ಮೆ ಶುಚಿ ಮಾಡಿ.